ನೃತ್ಯವೂ ದೈವಕರೆಯಾಗಬಾರದೇ?

ಧರ್ಮಕೇಂದ್ರದ ವಾರ್ಷಿಕೋತ್ಸವದಲ್ಲಿ ನಮ್ಮ ಮಕ್ಕಳು ನರ್ತಿಸಿದಾಗ ನಾವು ಮನಸಾರೆ ಚಪ್ಪಾಳೆ ತಟ್ಟುತ್ತೇವೆ. ಅದೇ ಮಗು ಬೆಳೆದು, ನೃತ್ಯವನ್ನೇ ಜೀವನವೃತ್ತಿಯಾಗಿ ಆರಿಸಿಕೊಳ್ಳುವೆನೆಂದರೆ ಮನೆಯಲ್ಲಿ ಮೌನ ಕವಿಯುತ್ತದೆ. ಮಗಳಾದರೆ ವಿವಾಹದ ಚಿಂತೆ, ಮಗನಾದರೆ ಸಂಪಾದನೆಯ ಚಿಂತೆ. ಈ ಚಿಂತೆ ನಿಷ್ಕಾರಣವಲ್ಲ. ಆದರೆ ವಿಚಾರಿಸದೆಯೇ ಬಾಗಿಲು ಮುಚ್ಚುವುದು ವಿವೇಕವೇ?

ಭಾರತದ ಸಮಕಾಲೀನ ನೃತ್ಯಕ್ಕೆ ದಾರಿ ತೆರೆದವರಲ್ಲಿ ಪ್ರಮುಖರಾದ ಅಸ್ತಾದ್ ದೇಬೂ ಅವರ ಬದುಕು ಇಲ್ಲಿ ಸ್ಮರಣೀಯ. 1947ರಲ್ಲಿ ಗುಜರಾತಿನ ನವಸಾರಿಯಲ್ಲಿ ಪಾರ್ಸಿ ಕುಟುಂಬವೊಂದರಲ್ಲಿ ಜನಿಸಿದ ಅವರು ಓದಿದ್ದು ಜಮ್ಶೆಡ್‌ಪುರದಲ್ಲಿ ಯೇಸುಸಭೆಯ ಗುರುಗಳು ನಡೆಸುವ ಲೊಯೋಲಾ ಶಾಲೆಯಲ್ಲಿ. ಬಾಲ್ಯದಲ್ಲಿಯೇ ಕಥಕ್ ಕಲಿತರು. ಮುಂಬಯಿಯಲ್ಲಿ ವಾಣಿಜ್ಯ ಶಿಕ್ಷಣ ಪಡೆದರು. 1969ರಲ್ಲಿ ಸರಕು ಹಡಗನ್ನೇರಿ ವಿದೇಶಕ್ಕೆ ಹೊರಟು, ಲಂಡನ್ನಿನಲ್ಲಿ ಮಾರ್ಥಾ ಗ್ರಹಾಂ ಪದ್ಧತಿಯನ್ನು ಅಭ್ಯಸಿಸಿದರು. ಅನಂತರ ಗುರು ಇ. ಕೆ. ಪಣಿಕ್ಕರ್ ಅವರಲ್ಲಿ ಕಥಕಳಿ ಕಲಿತರು. ಹೀಗೆ ಪೂರ್ವ-ಪಶ್ಚಿಮಗಳೆರಡನ್ನೂ ಅರಗಿಸಿಕೊಂಡು ತಮ್ಮದೇ ಆದ ಶೈಲಿಯನ್ನು ರೂಪಿಸಿದರು. ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ದೊರೆತದ್ದು 1995ರಲ್ಲಿ, ಪದ್ಮಶ್ರೀ 2007ರಲ್ಲಿ. ಹಡಗನ್ನೇರಿದ ವರ್ಷದಿಂದ ಅಕಾಡೆಮಿಯ ಪ್ರಶಸ್ತಿಗೆ ಇಪ್ಪತ್ತಾರು ವರ್ಷ!

ಪ್ರಶಸ್ತಿಗಳಿಗಿಂತ ಹಿರಿದಾದ ಇನ್ನೊಂದು ಸಾಧನೆ ಅವರದು. ಕಲ್ಕತ್ತೆಯಲ್ಲಿಯೂ ಚೆನ್ನೈಯಲ್ಲಿಯೂ ಕಿವಿ ಕೇಳಿಸದ ಯುವಜನರಿಗೆ ಅವರು ವರ್ಷಗಟ್ಟಲೆ ನೃತ್ಯ ಕಲಿಸಿದರು. ಸಂಗೀತ ಕೇಳಿಸದವರು ಎಣಿಕೆ, ನೋಟ, ಸಂಜ್ಞೆಗಳ ಆಧಾರದಿಂದ ಲಯ ತಪ್ಪದೆ ನರ್ತಿಸಿದರು. ದೆಹಲಿಯ ಬೀದಿಮಕ್ಕಳನ್ನೂ 2009ರಲ್ಲಿ ಅವರು ರಂಗಕ್ಕೆ ತಂದರು. ಮಾರ್ಕನ ಶುಭಸಂದೇಶದಲ್ಲಿ ಪ್ರಭು ಯೇಸು ಕಿವುಡನೊಬ್ಬನನ್ನು ಜನಸಂದಣಿಯಿಂದ ಪ್ರತ್ಯೇಕವಾಗಿ ಕರೆದೊಯ್ಯುವ ಪ್ರಸಂಗ ನಮಗೆ ನೆನಪಾಗಬೇಕು. ದೇಬೂ ಅವರು ಶ್ರವಣಶಕ್ತಿಯನ್ನು ನೀಡಬಲ್ಲವರಾಗಿರಲಿಲ್ಲ. ಆದರೆ ಒಬ್ಬೊಬ್ಬರಿಗೂ ತಮ್ಮ ಸಮಯವನ್ನೂ ಗಮನವನ್ನೂ ಧಾರೆಯೆರೆದರು. 2020ರ ಡಿಸೆಂಬರಿನಲ್ಲಿ ಅವರು ನಿಧನರಾದರು.

ಜಗದ್ಗುರು ಎರಡನೆಯ ಜಾನ್ ಪಾಲ್ 1999ರಲ್ಲಿ ಕಲಾವಿದರಿಗೆಂದೇ ಪತ್ರ ಬರೆದು, ಕಲೆಯೂ ಒಂದು ಕರೆಯೆಂದು ಸಾರಿದರು. ಗುರುಮಠಕ್ಕೆ ಸೇರಬಯಸುವ ಹುಡುಗನನ್ನು ನಾವು ಒಂದೇ ದಿನದಲ್ಲಿ ಒಪ್ಪುವುದೂ ಇಲ್ಲ, ತಿರಸ್ಕರಿಸುವುದೂ ಇಲ್ಲ. ವರ್ಷಗಳ ಕಾಲ ಆ ಕರೆಯನ್ನು ಪರೀಕ್ಷಿಸುತ್ತೇವೆ. ನೃತ್ಯದ ಹಂಬಲಕ್ಕೂ ಅದೇ ನ್ಯಾಯ ಸಲ್ಲಬೇಡವೇ? ಒಳ್ಳೆಯ ಗುರುವನ್ನು ಹುಡುಕಿಕೊಡೋಣ. ಓದನ್ನೂ ಪೂರೈಸಲು ಹೇಳೋಣ. ಕಠಿಣ ಅಭ್ಯಾಸ, ಅನಿಶ್ಚಿತ ಆದಾಯ, ತಡವಾಗಿ ಬರುವ ಮನ್ನಣೆ ಇವನ್ನು ಮುಚ್ಚಿಡದೆ ತಿಳಿಸೋಣ. ಇಷ್ಟಾದ ಮೇಲೂ ಆ ಹಂಬಲ ಉಳಿದರೆ ಅದನ್ನು ದೇವರ ಕೊಡುಗೆಯೆಂದು ನಂಬೋಣ. ಕೊಟ್ಟ ತಲೆಂತನ್ನು ಮಣ್ಣಿನಲ್ಲಿ ಹೂತಿಟ್ಟ ಸೇವಕನ ಕಥೆಯನ್ನು ಮಕ್ಕಳಿಗೆ ಹೇಳಿಕೊಡುವವರು ನಾವು. ಹೂಳುವ ಗುದ್ದಲಿ ಹೆತ್ತವರ ಕೈಯಲ್ಲಿಯೇ ಇರದಂತೆ ಎಚ್ಚರ ವಹಿಸೋಣ.