ದೀಪಾಲಂಕಾರಕ್ಕೂ ಮೊದಲೇ ಊಟ: ಪ್ರವಾಸಿ ತಾಣದ ಫುಡ್ ಕೋರ್ಟ್‌ಗಳಲ್ಲಿ ಜೈನ ಕುಟುಂಬಗಳ ಪಾಡು

ಮೈಸೂರು ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜಾದಿನಗಳಂದು ಸಾಮಾನ್ಯವಾಗಿ ಸಂಜೆ 7 ಗಂಟೆಗೆ ಶುರುವಾಗುತ್ತದೆ. ಮೈಸೂರಿನಲ್ಲಿ ವರ್ಷದ ಯಾವ ದಿನವೂ ಸೂರ್ಯಾಸ್ತ 7 ಗಂಟೆ ದಾಟುವುದಿಲ್ಲ. ರಾತ್ರಿ ಭೋಜನ ತ್ಯಾಗದ ನಿಯಮವಿರುವ ಕುಟುಂಬ ಆ ದೀಪಗಳನ್ನು ನೋಡಬೇಕಾದರೆ ಅಷ್ಟರೊಳಗೆ ಊಟ ಮುಗಿಸಿರಲೇಬೇಕು. ಆದರೆ ಆ ಹೊತ್ತಿಗೆ ಊಟ ಎಲ್ಲಿ ಸಿಗುತ್ತದೆ? ರಾಜ್ಯದ ಪ್ರವಾಸಿ ತಾಣಗಳ ಫುಡ್ ಕೋರ್ಟ್‌ಗಳಲ್ಲಿ ಜೈನ ಕುಟುಂಬಗಳು ಎದುರಿಸುತ್ತಿರುವ ತೊಂದರೆ ಈ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿಯ ಮಾತು ಅದರ ನಂತರದ್ದು.

ಮೈಸೂರಿನ ಒಂದು ದಿನದ ಪ್ರವಾಸದ ವೇಳಾಪಟ್ಟಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅರಮನೆ ಮತ್ತು ಮೃಗಾಲಯ ಎರಡೂ ಸಂಜೆ ಐದೂವರೆಯವರೆಗೆ ತೆರೆದಿರುತ್ತವೆ. ನವೆಂಬರ್ ಕೊನೆಯಲ್ಲಿ ಸೂರ್ಯಾಸ್ತ ಸುಮಾರು 5.55ಕ್ಕೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಆಹಾರ ಮುಗಿಸುವ ಸಂಪ್ರದಾಯ ಪಾಲಿಸುವವರಿಗೆ ಗಡುವು 5.05ರ ಸುಮಾರಿಗೆ ಬರುತ್ತದೆ. ನಮ್ಮ ಹೋಟೆಲ್‌ಗಳಲ್ಲಿ ಮಧ್ಯಾಹ್ನದ ಊಟ ಮೂರು, ಮೂರೂವರೆಗೆ ಮುಗಿಯುತ್ತದೆ. ರಾತ್ರಿಯ ಊಟ ಏಳರ ನಂತರ. ನಡುವಿನ ಹೊತ್ತಿನಲ್ಲಿ ಸಿಗುವುದು ತಿಂಡಿ ಮಾತ್ರ: ಆಲೂಗಡ್ಡೆ-ಈರುಳ್ಳಿ ಪಲ್ಯದ ಮಸಾಲೆ ದೋಸೆ, ಈರುಳ್ಳಿ ಬಜ್ಜಿ, ಚಾಟ್. ಜೈನರಿಗೆ ಊಟ ಬೇಕಾದ ಗಂಟೆಯೂ ಫುಡ್ ಕೋರ್ಟ್‌ನಲ್ಲಿ ಊಟ ಇಲ್ಲದ ಗಂಟೆಯೂ ಒಂದೇ ಆಗಿದೆ.

ಹಸಿರು ಚುಕ್ಕಿಯ ಮಿತಿ

'ಸಸ್ಯಾಹಾರಿ ಗುರುತು ಇದೆಯಲ್ಲ' ಎಂಬುದು ಅಂಗಡಿಯವರಿಂದ ಸಾಮಾನ್ಯವಾಗಿ ಬರುವ ಉತ್ತರ. ಚೌಕದೊಳಗಿನ ಹಸಿರು ಚುಕ್ಕಿ ಹೇಳುವುದು ಬಹಳ ಸೀಮಿತವಾದ ವಿಷಯ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಗಳ ಪ್ರಕಾರ ಮಾಂಸ, ಮೀನು, ಮೊಟ್ಟೆ ಮುಂತಾದ ಪ್ರಾಣಿಜನ್ಯ ಪದಾರ್ಥವಿದ್ದರೆ ಅದು ಮಾಂಸಾಹಾರ. ಹಾಲು ಮತ್ತು ಹಾಲಿನ ಉತ್ಪನ್ನಗಳೊಂದಿಗೆ ಜೇನುತುಪ್ಪವನ್ನೂ ಈ ವ್ಯಾಖ್ಯೆಯಿಂದ ಹೊರಗಿಡಲಾಗಿದೆ. ಹಾಗಾಗಿ ಜೇನು ಬೆರೆಸಿದ ತಿನಿಸಿಗೂ ಹಸಿರು ಚುಕ್ಕಿ ದೊರೆಯುತ್ತದೆ. ಶ್ರಾವಕರ ಅಷ್ಟಮೂಲಗುಣಗಳಲ್ಲಿ ಮದ್ಯ, ಮಾಂಸಗಳ ಜೊತೆಗೆ ಮಧುವಿನ ತ್ಯಾಗವೂ ಸೇರಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಕಂದಮೂಲದ ಬಗ್ಗೆಯಂತೂ ಆ ಗುರುತು ಏನನ್ನೂ ಹೇಳುವುದಿಲ್ಲ.

ಇದು ಕಾನೂನಿನ ತಪ್ಪಲ್ಲ. ಸಸ್ಯಾಹಾರಿ ಗುರುತು ಎಲ್ಲ ಸಸ್ಯಾಹಾರಿಗಳಿಗಾಗಿ ಮಾಡಿದ್ದು. ಅದನ್ನೇ ಜೈನ ಆಹಾರದ ಗುರುತೆಂದು ತಿಳಿದರೆ ತಪ್ಪು ನಮ್ಮದಾಗುತ್ತದೆ.

'ಜೈನ್' ಎಂಬ ಫಲಕ

ಗುಜರಾತ್ ಮತ್ತು ಮುಂಬೈಯ ಅನೇಕ ಹೋಟೆಲ್‌ಗಳ ಮೆನುವಿನಲ್ಲಿ 'ಜೈನ್' ಎಂಬ ಆಯ್ಕೆ ಇರುತ್ತದೆ. ಆಲೂಗಡ್ಡೆಯ ಬದಲು ಬಾಳೆಕಾಯಿ ಹಾಕಿದ ಪಾವ್ ಭಾಜಿ ಅಲ್ಲಿ ಸಾಮಾನ್ಯ. ವಿಮಾನ ಕಂಪನಿಗಳಲ್ಲಿಯೂ ಜೈನ ಊಟಕ್ಕೆ ಪ್ರತ್ಯೇಕ ಸಂಕೇತವಿದ್ದು, ಮುಂಚಿತವಾಗಿ ತಿಳಿಸಿದರೆ ಊಟ ಒದಗಿಸುತ್ತಾರೆ. ಕರ್ನಾಟಕದ ಪ್ರವಾಸಿ ತಾಣಗಳಲ್ಲಿಯೂ ಉತ್ತರ ಭಾರತೀಯ ತಿನಿಸುಗಳ ಮಳಿಗೆಗಳು ಈ ಪದ ಬಳಸುವುದುಂಟು.

ಆದರೆ ಹಸಿರು ಚುಕ್ಕಿಗಿರುವಂಥ ನಿಗದಿತ ಗುರುತು ಈ ಪದಕ್ಕಿಲ್ಲ. ಒಬ್ಬರಿಗೆ ಅದು 'ಈರುಳ್ಳಿ, ಬೆಳ್ಳುಳ್ಳಿ ಇಲ್ಲ' ಎಂದಷ್ಟೇ ಆದರೆ ಮತ್ತೊಬ್ಬರಿಗೆ ಯಾವ ಗಡ್ಡೆ-ಗೆಣಸೂ ಇಲ್ಲ ಎಂದು. ಮೊದಲೇ ಅರೆದಿಟ್ಟ ಗ್ರೇವಿಯಲ್ಲಿ ಬೆಳ್ಳುಳ್ಳಿ ಇದ್ದರೆ, ಮೇಲೆ ಈರುಳ್ಳಿ ಉದುರಿಸದಿದ್ದ ಮಾತ್ರಕ್ಕೆ ಅದು ಜೈನ ಆಹಾರವಾಗದು. ನಮ್ಮ ಕುಟುಂಬಗಳಲ್ಲಿಯೂ ನಿಯಮ ಒಂದೇ ಬಗೆಯಲ್ಲ. ಕೆಲವರು ಕಂದಮೂಲವನ್ನು ಆಜೀವ ತ್ಯಜಿಸಿದ್ದಾರೆ. ಕೆಲವರದು ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವದ ನಿಯಮ. ಹಸಿ ಶುಂಠಿ ಬಿಟ್ಟವರಲ್ಲಿ ಒಣಶುಂಠಿ ಬಳಸುವವರಿದ್ದಾರೆ. ಇಷ್ಟನ್ನೂ ಒಂದೇ ಪದದ ಫಲಕ ಹೇಳಲಾರದು.

ಅಂಗಡಿಯವರ ಲೆಕ್ಕ

ವ್ಯಾಪಾರಿಯ ಕಡೆಯಿಂದಲೂ ನೋಡಬೇಕು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ 4,40,280, ಅಂದರೆ ಜನಸಂಖ್ಯೆಯ ಶೇ. 0.72. ದುಬಾರಿ ಬಾಡಿಗೆ ಕಟ್ಟಿ ಚಿಕ್ಕ ಮಳಿಗೆ ನಡೆಸುವವರು ಇಷ್ಟು ಜನರಿಗಾಗಿ ಬೇರೆ ಅಡುಗೆಮನೆ ಇಡಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ, ನಡೆಯುವ ಮಾತೂ ಅಲ್ಲ.

ಆದರೆ ಬೇಕಾಗಿರುವುದು ಬೇರೆ ಅಡುಗೆಮನೆಯಲ್ಲ. ಹತ್ತು ಅಥವಾ ಹೆಚ್ಚು ಕಡೆ ಮಳಿಗೆ ಇರುವ ಆಹಾರ ಸಂಸ್ಥೆಗಳು ಮೆನುವಿನಲ್ಲಿ ಕ್ಯಾಲೊರಿ ಪ್ರಮಾಣ ತೋರಿಸಬೇಕೆಂಬ ನಿಯಮ ಈಗಾಗಲೇ ಇದೆ. ಗೋಧಿ, ಹಾಲು, ಕಡಲೆಕಾಯಿ, ಸೋಯಾದಂಥ ಅಲರ್ಜಿಕಾರಕಗಳ ಮಾಹಿತಿಯನ್ನೂ ನೀಡಬೇಕು. ಅದೇ ಫಲಕದಲ್ಲಿ 'ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆ: ಇದೆ / ಇಲ್ಲ' ಎಂಬ ಒಂದು ಸಾಲು ಸೇರಿಸಲು ತಗಲುವ ಖರ್ಚು ತೀರಾ ಕಡಿಮೆ. ಈ ಸಾಲು ಜೈನರಿಗೆ ಮಾತ್ರವಲ್ಲ, ಏಕಾದಶಿ, ವ್ರತದ ದಿನಗಳಲ್ಲಿ ಈರುಳ್ಳಿ ಬಿಡುವ ಇತರರಿಗೂ, ವೈದ್ಯರ ಸಲಹೆಯಂತೆ ಬಿಟ್ಟವರಿಗೂ ಉಪಯೋಗ. ಗಿರಾಕಿಗಳ ಸಂಖ್ಯೆ ಶೇ. 0.72ಕ್ಕೆ ನಿಲ್ಲುವುದಿಲ್ಲ.

ಬೇಕಾದದ್ದು ಮಾಹಿತಿ, ಪ್ರತ್ಯೇಕತೆಯಲ್ಲ

2024ರ ಮಾರ್ಚ್‌ನಲ್ಲಿ ಜೊಮ್ಯಾಟೊ ಕಂಪನಿ ಶುದ್ಧ ಸಸ್ಯಾಹಾರಿ ಹೋಟೆಲ್‌ಗಳ ಊಟ ತಲುಪಿಸಲು ಹಸಿರು ಸಮವಸ್ತ್ರದ ಪ್ರತ್ಯೇಕ ತಂಡವನ್ನು ಘೋಷಿಸಿತು. ತೀವ್ರ ಟೀಕೆ ಬಂದ ಮೇಲೆ ಮರುದಿನವೇ ಹಸಿರು ಸಮವಸ್ತ್ರವನ್ನು ಕೈಬಿಟ್ಟಿತು. ಸಸ್ಯಾಹಾರದ ಬೇಡಿಕೆ ಮನುಷ್ಯರನ್ನು ಬೇರ್ಪಡಿಸುವಂತೆ ಕಂಡರೆ ಅದಕ್ಕೆ ವಿರೋಧ ಬರುತ್ತದೆ ಎಂಬುದು ಆ ಪ್ರಕರಣದ ಪಾಠ. ಎಲ್ಲರೂ ಕುಳಿತು ಉಣ್ಣುವ ಫುಡ್ ಕೋರ್ಟ್‌ನಲ್ಲಿ ಪಕ್ಕದ ಮೇಜಿನವರ ತಟ್ಟೆಯಲ್ಲಿ ಏನಿದೆ ಎಂಬುದು ನಮ್ಮ ಪ್ರಶ್ನೆಯಾಗಬೇಕಿಲ್ಲ. ನಮ್ಮ ತಟ್ಟೆಯಲ್ಲಿ ಏನಿದೆ ಎಂದು ತಿಳಿಯುವ ಹಕ್ಕು ಮಾತ್ರ ನಮಗೆ ಬೇಕು. ಅಹಿಂಸೆಯ ಆಚರಣೆ ಇನ್ನೊಬ್ಬರ ಮನ ನೋಯಿಸದೆ ನಡೆಯಬೇಕಾದದ್ದು.

ಕುಟುಂಬಗಳು ಮಾಡಬಹುದಾದದ್ದು

ಸಂಜೆಯ ಊಟವನ್ನು ಪ್ರವಾಸದ ಯೋಜನೆಯಲ್ಲಿ ಮೊದಲೇ ಸೇರಿಸಿಕೊಳ್ಳುವುದು ಉತ್ತಮ. ಗುಂಪಾಗಿ ಹೋಗುವವರು ಹಿಂದಿನ ದಿನವೇ ಹೋಟೆಲ್‌ಗೆ ಫೋನ್ ಮಾಡಿ, ನಾಲ್ಕೂವರೆಗೆ ಇಷ್ಟು ಜನಕ್ಕೆ ಅನ್ನ, ಬೇಳೆ ತೊವ್ವೆ, ಬಾಳೆಕಾಯಿ ಪಲ್ಯ, ಮೊಸರು ಎಂದು ಕೇಳಿದರೆ ಒಪ್ಪುವವರು ಸಿಗುತ್ತಾರೆ. ಕೇಳುವಾಗ 'ಜೈನ್ ಊಟ' ಎನ್ನುವುದಕ್ಕಿಂತ ಬೇಡದ ಪದಾರ್ಥಗಳ ಹೆಸರನ್ನೇ ಹೇಳುವುದು ಸುರಕ್ಷಿತ. ಇಡ್ಲಿ ಸರಿ, ಆದರೆ ಸಾಂಬಾರು ಮತ್ತು ಚಟ್ನಿಯ ಬಗ್ಗೆ ವಿಚಾರಿಸಿಯೇ ಬಡಿಸಿಕೊಳ್ಳಬೇಕು. ಶ್ರವಣಬೆಳಗೊಳದೊಂದಿಗೆ ಮೈಸೂರನ್ನು ನೋಡುವವರು ಒಂದು ಹೊತ್ತಿನ ಊಟವನ್ನು ಕ್ಷೇತ್ರದಲ್ಲಿಯೇ ಮುಗಿಸುವಂತೆ ದಾರಿ ಹೊಂದಿಸಿಕೊಳ್ಳಬಹುದು.

'ಜೈನ್' ಎಂದು ಬರೆದು ಈರುಳ್ಳಿ ಹಾಕಿದ್ದರೆ ಅದು ಗ್ರಾಹಕರಿಗೆ ಕೊಟ್ಟ ತಪ್ಪು ಮಾಹಿತಿ. ಮೊದಲು ಅಂಗಡಿಯವರಿಗೆ ಶಾಂತವಾಗಿ ತಿಳಿಸಬೇಕು. ಸರಿಪಡಿಸದಿದ್ದರೆ ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಅಂಗಡಿಯಲ್ಲಿ ಪ್ರದರ್ಶಿಸಿರುವ 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆಯನ್ನು ಬರೆದುಕೊಂಡಿರುವುದು ಒಳ್ಳೆಯದು.

ಸಮಾಜದ ಸಂಘಗಳಿಗೂ ಇಲ್ಲಿ ಕೆಲಸವಿದೆ. ಶಾಲಾ ಪ್ರವಾಸಗಳು ಹೆಚ್ಚಾಗಿ ನಡೆಯುವುದು ಹಗಲು ಚಿಕ್ಕದಾಗಿರುವ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ. ರಾತ್ರಿ ಎಂಟಕ್ಕೆ ಬಸ್ ನಿಲ್ಲಿಸಿ ಎಲ್ಲರೂ ಊಟಕ್ಕೆ ಕುಳಿತಾಗ ನಿಯಮವಿರುವ ಮಗು ಹಸಿದಿರಬೇಕು, ಇಲ್ಲವೇ ನಿಯಮ ಬಿಡಬೇಕು. ಹೀಗೆ ಎರಡು ಮೂರು ಸಲ ಆದರೆ ನಿಯಮವೆಂಬುದು ಮನೆಯೊಳಗೆ ಮಾತ್ರ ಎಂದು ಆ ಮಗು ಕಲಿಯುತ್ತದೆ. ಮುಂದೆ ಎಷ್ಟು ಪ್ರವಚನ ಕೇಳಿಸಿದರೂ ಆ ಪಾಠವನ್ನು ಅಳಿಸುವುದು ಕಷ್ಟ. ಪ್ರವಾಸಕ್ಕೆ ಮೊದಲೇ ಶಾಲೆಗೆ ಒಂದು ಚೀಟಿ ಬರೆದು ಸಂಜೆ ಐದರೊಳಗೆ ಊಟಕ್ಕೆ ಅವಕಾಶ ಕೇಳುವುದು, ಇಲ್ಲವೇ ಚಪಾತಿ-ಚಟ್ನಿಪುಡಿಯ ಡಬ್ಬಿ ಕೊಟ್ಟು ಕಳುಹಿಸಲು ಒಪ್ಪಿಗೆ ಪಡೆಯುವುದು ದೊಡ್ಡ ಕೆಲಸವೇನಲ್ಲ. ಒಬ್ಬ ಪೋಷಕರು ಕೇಳಿದರೆ ಅದು ವಿನಂತಿ. ಊರಿನ ಹತ್ತು ಮನೆಯವರು ಸೇರಿ ಕೇಳಿದರೆ ಶಾಲೆಯ ವೇಳಾಪಟ್ಟಿಯೇ ಬದಲಾಗಬಹುದು.