ಮಾತಿಲ್ಲದ ಕೊಳಲಿಗೂ ಹೆದರಿದರು

ಸಂಗೀತಕ್ಕೂ ರಾಜಕೀಯಕ್ಕೂ ಸಂಬಂಧವಿಲ್ಲ ಅಂತಾರೆ ಪಂಡಿತರು. ಆ ಸಂಬಂಧ ಚಿಲಿಯ ಸರ್ವಾಧಿಕಾರಿ ಪಿನೋಚೆಗೆ ಇವರಿಗಿಂತ ಚೆನ್ನಾಗಿ ಗೊತ್ತಿತ್ತು. 1973ರ ಸೆಪ್ಟೆಂಬರ್ 11ರಂದು ಸೈನ್ಯ ಅಧಿಕಾರ ಕಸಿಯಿತು; ವಾರದೊಳಗೆ ಉಳುವವರ ಮಗ, ಹಾಡುಗಾರ ವಿಕ್ಟರ್ ಹಾರಾನನ್ನು ಹಿಂಸಿಸಿ ಗುಂಡಿಟ್ಟು ಕೊಂದಿತು.

ಆ ಕಾಲವನ್ನು ಸಂಶೋಧಿಸುವವರು ಬರೀ ಹಾಡಿನ ಸಾಲು ಎಣಿಸಿದರೆ ಸಾಲದು. ಹಾಡಿನ ಮಾತಿಗೆ ಹೆದರಿದರು, ಸರಿ. ಆಂಡಿಸ್ ಬೆಟ್ಟದ ಮೂಲನಿವಾಸಿಗಳ ಕೇನಾ ಕೊಳಲಿನ ಮೇಲೂ ಅಘೋಷಿತ ನಿಷೇಧ ಯಾಕೆ ಬಿತ್ತು? ಕೊಳಲಿಗೆ ಮಾತೇ ಇಲ್ಲವಲ್ಲ! ಅದು ಅಯೆಂದೆ ಸರ್ಕಾರದ ಜೊತೆ ನಿಂತ ಹಾಡುಗಾರರ ಕೈಯಲ್ಲಿತ್ತು, ಅದಕ್ಕೆ. ಆಗ 'ಬರೋಕ್ಕೊ ಆಂದೀನೊ' ತಂಡ ಅದೇ ಬೆಟ್ಟದ ವಾದ್ಯಗಳಲ್ಲಿ ಯುರೋಪಿನ ಬಾಖ್‌ನ ಸಂಗೀತ ನುಡಿಸಿತು. ಶಾಸ್ತ್ರೀಯದ ಮರೆಯಲ್ಲಿ ಕೊಳಲು ಉಸಿರು ಉಳಿಸಿಕೊಂಡಿತು.

ಗೆಳೆಯರೇ, 'ಶುದ್ಧ ಸಂಗೀತ' ಅನ್ನುವವರನ್ನು ಕೇಳಿ: ವಾದ್ಯ ಯಾರದು? ನುಡಿಸಿದವರು ಯಾರು? ಬಾಯಿ ಮುಚ್ಚಿಸಿದವರು ಯಾರು? ಇದನ್ನು ಕೇಳದ ಸಂಶೋಧನೆ ಸರ್ವಾಧಿಕಾರಿಯ ಕಡತಕ್ಕೆ ಇನ್ನೊಂದು ಹಾಳೆ, ಅಷ್ಟೆ.