ಸಾಕ್ಷಿಯನ್ನು ತೂಗುವ ತಕ್ಕಡಿ

ಬೆಂಗಳೂರಿನ ಶ್ರೀನಗರದಲ್ಲಿ ಯಾವ ದಿನಸಿ ಅಂಗಡಿಗೆ ಹೋದರೂ ಅಲ್ಲಿಯ ತಕ್ಕಡಿಯ ಮೇಲೆ ಸರ್ಕಾರದ ಮುದ್ರೆ ಇರತಕ್ಕದ್ದೆಂಬುದು ಕಾನೂನು. ಅಂಗಡಿಯವನು ಪ್ರಾಮಾಣಿಕನೆಂದು ನಾವು ನಂಬಿದರೂ ಅವನ ತಕ್ಕಡಿಯನ್ನು ಕಾಲಕಾಲಕ್ಕೆ ಪರೀಕ್ಷಿಸುವ ಪದ್ಧತಿಯನ್ನು ಬಿಟ್ಟಿಲ್ಲ. ಮನುಷ್ಯನ ಪ್ರಾಮಾಣಿಕತೆ ಒಂದು, ಉಪಕರಣದ ನಿಷ್ಕೃಷ್ಟತೆ ಮತ್ತೊಂದು. ಅರ್ಧ ಕಿಲೋ ಬೇಳೆಯ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ಸಮಾಜ, ಮನುಷ್ಯನ ಮಾನವನ್ನೂ ಸ್ವಾತಂತ್ರ್ಯವನ್ನೂ ತೂಗುವ ಯಂತ್ರಗಳ ವಿಷಯದಲ್ಲಿ ಎಷ್ಟು ಎಚ್ಚರದಿಂದಿದೆ? ಈ ಪ್ರಶ್ನೆಯನ್ನು ವಿದ್ಯಾರ್ಥಿಮಿತ್ರರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ಅಪರಾಧದ ತನಿಖೆಯಲ್ಲಿ ಗಣಕಯಂತ್ರವೊಂದು ಪೊಲೀಸರ ವಶಕ್ಕೆ ಬಂದಾಗ, ಪರೀಕ್ಷಕರು ಅದರ ಹಾರ್ಡ್ ಡಿಸ್ಕನ್ನು ನೇರವಾಗಿ ತೆರೆದು ನೋಡುವುದಿಲ್ಲ. ತೆರೆದ ಮಾತ್ರಕ್ಕೆ ಕಡತಗಳ ದಿನಾಂಕ ಮೊದಲಾದ ವಿವರಗಳು ಬದಲಾಗಿಬಿಡಬಹುದು. ಆದುದರಿಂದ, ಡಿಸ್ಕಿನ ಮೇಲೆ ಏನನ್ನೂ ಬರೆಯಲು ಬಿಡದ ‘ರೈಟ್ ಬ್ಲಾಕರ್’ ಎಂಬ ಸಾಧನದ ಮೂಲಕ ಅದನ್ನು ಇಮೇಜಿಂಗ್ ಯಂತ್ರಕ್ಕೆ ಜೋಡಿಸಿ, ಮೊದಲಿನಿಂದ ಕೊನೆಯವರೆಗೆ ಯಥಾವತ್ತಾದ ಪ್ರತಿಯೊಂದನ್ನು ತೆಗೆಯುತ್ತಾರೆ. ಡಿಸ್ಕೆಂಬುದು ಸೆಕ್ಟರುಗಳೆಂಬ ಸಣ್ಣ ಸಣ್ಣ ಕೋಣೆಗಳ ಸಾಲು. ಬಹುಕಾಲದಿಂದ ರೂಢಿಯಲ್ಲಿರುವ ಅಳತೆಯಂತೆ ಒಂದು ಸೆಕ್ಟರಿಗೆ 512 ಬೈಟು. ಈ ಲೆಕ್ಕದಲ್ಲಿ ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಸುಮಾರು 195 ಕೋಟಿ ಕೋಣೆಗಳಿರುತ್ತವೆ. ಅಳಿಸಿಹಾಕಿದ ಕಡತಗಳ ಅವಶೇಷಗಳೂ ಈ ಕೋಣೆಗಳಲ್ಲಿ ಉಳಿದಿರಬಹುದಾದ ಕಾರಣ, ಖಾಲಿಯೆಂದು ತೋರುವ ಕೋಣೆಯನ್ನೂ ಬಿಡುವಂತಿಲ್ಲ. ಪ್ರತಿ ಸಿದ್ಧವಾದ ಮೇಲೆ ಅದರ ‘ಹ್ಯಾಶ್’ ಎಂಬ ಸಂಖ್ಯೆಯನ್ನು ಗಣಿಸುತ್ತಾರೆ. ಒಂದೇ ಒಂದು ಬಿಟ್ ಬದಲಾದರೂ ಈ ಸಂಖ್ಯೆ ಪೂರ್ಣವಾಗಿ ಬೇರೆಯಾಗುವುದು. ಮೂಲದ ಮತ್ತು ಪ್ರತಿಯ ಹ್ಯಾಶ್‌ಗಳು ಒಂದೇ ಆಗಿದ್ದರೆ ಪ್ರತಿ ಸರಿಯಾಗಿದೆಯೆಂದು ಭಾವಿಸುವುದು ವಾಡಿಕೆ.

ಇಲ್ಲಿಯವರೆಗೆ ಎಲ್ಲವೂ ಸರಿ. ಆದರೆ ಪ್ರತಿ ತೆಗೆಯುವ ಯಂತ್ರವೂ ಒಂದು ಗಣಕವೇ. ಅದರೊಳಗೆ ಫರ್ಮ್‌ವೇರ್ ಎಂಬ ಅಂತಸ್ಥ ಕ್ರಮವಿಧಿಯಿದೆ. ಅದರ ಮೇಲೆ ಬೇರೆ ತಂತ್ರಾಂಶಗಳಿವೆ. ಅವೆಲ್ಲವೂ ಮನುಷ್ಯರು ಬರೆದವು. ಮನುಷ್ಯರು ಬರೆದುದರಲ್ಲಿ ದೋಷ ಬರುವುದು ಸಹಜ.

ಇದು ಬರಿಯ ಊಹೆಯಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು ಇಂಥ ಸಾಧನಗಳನ್ನು ಕ್ರಮವಾಗಿ ಪರೀಕ್ಷಿಸಿ ಫಲಿತಾಂಶಗಳನ್ನು ಪ್ರಕಟಿಸುತ್ತ ಬಂದಿದೆ. 2002ರಲ್ಲಿ ಅದು ಪ್ರಕಟಿಸಿದ ವರದಿಯೊಂದು ಲಿನಕ್ಸ್‌ನ ‘ಡಿಡಿ’ ಎಂಬ ಪ್ರಸಿದ್ಧ ತಂತ್ರಾಂಶವನ್ನು ಕುರಿತದ್ದು. ಡಿಸ್ಕಿನ ಸೆಕ್ಟರುಗಳ ಸಂಖ್ಯೆ ಬೆಸವಾಗಿದ್ದರೆ ಕೊನೆಯ ಸೆಕ್ಟರು ಪ್ರತಿಯಾಗುತ್ತಿರಲಿಲ್ಲವೆಂದು ಆ ಪರೀಕ್ಷೆಯಲ್ಲಿ ಕಂಡುಬಂದಿತು. ದೋಷವಿದ್ದುದು ಡಿಡಿಯಲ್ಲಿ ಅಲ್ಲ, ಅದರ ಕೆಳಗೆ ಕೆಲಸ ಮಾಡುತ್ತಿದ್ದ ಅಂದಿನ ಲಿನಕ್ಸ್ ಕರ್ನೆಲ್‌ನಲ್ಲಿ. ಅದು ಸೆಕ್ಟರುಗಳನ್ನು ಜೋಡಿಜೋಡಿಯಾಗಿ ಓದುತ್ತಿದ್ದುದರಿಂದ ಜೋಡಿಯಿಲ್ಲದ ಕೊನೆಯದು ಹೊರಗುಳಿಯುತ್ತಿತ್ತು. ಅದೇ ಸಂಸ್ಥೆಯ ವಿಜ್ಞಾನಿಗಳು ಕೆಟ್ಟ ಸೆಕ್ಟರುಗಳುಳ್ಳ ಡಿಸ್ಕುಗಳ ಮೇಲೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಸಂಗತಿಯನ್ನು ಹೊರಗೆಡಹಿತು. ಕೆಲವು ಸಾಧನಗಳು ಎಂಟೆಂಟು ಸೆಕ್ಟರುಗಳನ್ನು ಒಂದು ಕಟ್ಟಾಗಿ ಓದುವುದರಿಂದ, ಕಟ್ಟಿನಲ್ಲಿ ಒಂದು ಕೆಟ್ಟಿದ್ದರೆ, ಚೆನ್ನಾಗಿಯೇ ಇದ್ದ ಉಳಿದವುಗಳೂ ಪ್ರತಿಯಲ್ಲಿ ಕಾಣೆಯಾಗುತ್ತಿದ್ದವು. ಇದಲ್ಲದೆ, ಡಿಸ್ಕು ತನ್ನ ಒಂದು ಭಾಗವನ್ನು ಮರೆಮಾಡಿ, ಇರುವುದಕ್ಕಿಂತ ಕಡಿಮೆ ಗಾತ್ರವನ್ನು ತಿಳಿಸುವ ಏರ್ಪಾಡೂ ಉಂಟು. ಅದನ್ನು ಕಂಡುಹಿಡಿಯಲಾರದ ಯಂತ್ರವು ಆ ಭಾಗವನ್ನು ಮುಟ್ಟದೆಯೇ ‘ಕೆಲಸ ಪೂರ್ಣವಾಯಿತು’ ಎಂದು ತೋರಿಸುವುದು.

ಇಂಥ ದೋಷವನ್ನು ಹ್ಯಾಶ್ ಬಯಲು ಮಾಡಲಾರದೇ ಎಂದು ವಾಚಕರು ಕೇಳಬಹುದು. ಮಾಡಲಾರದು, ಇದೇ ಇಡೀ ವಿಷಯದ ತಿರುಳು. ಕೊನೆಯ ಎರಡು ಹಾಳೆಗಳು ಅಂಟಿಕೊಂಡಿರುವ ಪುಸ್ತಕವೊಂದನ್ನು ವಿದ್ಯಾರ್ಥಿಯೊಬ್ಬ ನಕಲು ಮಾಡುತ್ತಾನೆಂದು ಭಾವಿಸಿರಿ. ಅಂಟಿದ ಪುಟಗಳು ಅವನಿಗೆ ಕಾಣಲಿಲ್ಲ. ಬರೆದು ಮುಗಿಸಿದ ಮೇಲೆ ಅವನೇ ಪುಸ್ತಕವನ್ನು ಮತ್ತೆ ಓದಿ, ನಕಲಿನೊಂದಿಗೆ ಅಕ್ಷರಶಃ ಹೋಲಿಸುತ್ತಾನೆ. ಒಂದು ಅಕ್ಷರವೂ ತಪ್ಪಿರುವುದಿಲ್ಲ. ಆದರೂ ಎರಡು ಪುಟಗಳು ಬಿಟ್ಟುಹೋಗಿವೆ. ಹಾಗೆಯೇ ಮೂಲದ ಹ್ಯಾಶನ್ನು ಗಣಿಸುವುದೂ ಅದೇ ಯಂತ್ರದ ಕಣ್ಣಿನಿಂದ. ಯಂತ್ರ ಓದಿದುದಕ್ಕೂ ಬರೆದುದಕ್ಕೂ ವ್ಯತ್ಯಾಸವಿಲ್ಲವೆಂಬುದನ್ನು ಹ್ಯಾಶ್ ತೋರಿಸುತ್ತದೆ. ಯಂತ್ರವು ಎಲ್ಲವನ್ನೂ ಓದಿತೆಂಬುದನ್ನು ತೋರಿಸುವುದಿಲ್ಲ.

ಇವು ಅತ್ಯಲ್ಪ ದೋಷಗಳು, ಲಿನಕ್ಸ್‌ನ ದೋಷ ಅನಂತರದ ಆವೃತ್ತಿಗಳಲ್ಲಿ ನಿವಾರಣೆಯಾಗಿದೆ, ಕೋಟಿಗಟ್ಟಲೆ ಸೆಕ್ಟರುಗಳಲ್ಲಿ ಒಂದು ತಪ್ಪಿದರೆ ಏನಾದೀತು ಎಂದು ಕೆಲವರು ವಾದಿಸಬಹುದು. ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ತಪ್ಪಿಹೋದ ಸೆಕ್ಟರು ಅನೇಕ ವೇಳೆ ಬರಿದೇ ಆಗಿರಬಹುದು. ಆದರೆ 512 ಬೈಟುಗಳಲ್ಲಿ ಒಂದು ಸಣ್ಣ ಪತ್ರ ಅಡಗಬಲ್ಲುದು. ಆ ಪತ್ರವೇ ನಿರಪರಾಧಿಯ ಏಕಮಾತ್ರ ಆಸರೆಯಾಗಿರಬಲ್ಲುದು. ಅಲ್ಲದೆ, ಒಂದು ದೋಷ ನಿವಾರಣೆಯಾದುದು ಯಾರೋ ಪರೀಕ್ಷಿಸಿ ಹೊರಗೆ ಹೇಳಿದುದರಿಂದಲ್ಲವೆ?

ಗಣಕದ ದಾಖಲೆಯಲ್ಲಿ ತಪ್ಪು ನುಸುಳಿದರೆ ಏನಾಗುವುದೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. 2007ರಲ್ಲಿ ಬೆಂಗಳೂರಿನ ತಂತ್ರಜ್ಞರೊಬ್ಬರನ್ನು, ಅಂತರಜಾಲದಲ್ಲಿ ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರ ಹಾಕಿದರೆಂಬ ಆರೋಪದ ಮೇಲೆ ಪುಣೆಯ ಪೊಲೀಸರು ಬಂಧಿಸಿದರು. ಅವರು 50 ದಿನ ಸೆರೆಯಲ್ಲಿದ್ದರು. ಕಡೆಗೆ, ಐಪಿ ವಿಳಾಸದ ಬಗೆಗೆ ಅಂತರಜಾಲ ಸೇವೆಯ ಕಂಪನಿ ಕೊಟ್ಟಿದ್ದ ವಿವರವೇ ತಪ್ಪೆಂದು ತಿಳಿಯಿತು. ಆ ತಪ್ಪು ಇಮೇಜಿಂಗ್ ಯಂತ್ರದ್ದಲ್ಲ, ನಿಜ. ಆದರೆ ‘ಗಣಕದಿಂದ ಬಂದುದು ಸತ್ಯವೇ ಸರಿ’ ಎಂಬ ನಂಬಿಕೆಗೆ ತೆತ್ತ ಬೆಲೆ ಅದು.

ನಮ್ಮ ವ್ಯವಸ್ಥೆ ಸುಮ್ಮನೆ ಕುಳಿತಿಲ್ಲವೆಂಬುದನ್ನೂ ಹೇಳಬೇಕು. ಬೆಂಗಳೂರಿನಲ್ಲಿ 2001ರಲ್ಲಿಯೇ ಸೈಬರ್ ಅಪರಾಧಗಳಿಗೆ ಪ್ರತ್ಯೇಕ ಪೊಲೀಸ್ ಠಾಣೆ ಸ್ಥಾಪಿತವಾಯಿತು. ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ ಮಡಿವಾಳದಲ್ಲಿದೆ. ಗಣಕ ಮತ್ತು ದೂರವಾಣಿಗಳ ಶೋಧನೆಯ ವೇಳೆ ಅರ್ಹ ಪರೀಕ್ಷಕರು ಜೊತೆಗಿರಬೇಕೆಂಬುದೇ ಮೊದಲಾದ ಸೂಚನೆಗಳನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರ ತೀರ್ಪೊಂದರಲ್ಲಿ ಕೊಟ್ಟಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ವಿದ್ಯುನ್ಮಾನ ದಾಖಲೆಯೊಡನೆ ಸಲ್ಲಿಸಬೇಕಾದ ಪ್ರಮಾಣಪತ್ರದ ನಮೂನೆಯಿದೆ. ಹ್ಯಾಶ್ ಸಂಖ್ಯೆಯನ್ನೂ ಅದನ್ನು ಪಡೆದ ವಿಧಾನವನ್ನೂ ಅದರಲ್ಲಿ ನಮೂದಿಸಬೇಕು. ಇದು ದೊಡ್ಡ ಹೆಜ್ಜೆಯೇ. ಆದರೆ ಪ್ರತಿ ತೆಗೆದ ಯಂತ್ರ ಯಾವುದು, ಅದರ ಫರ್ಮ್‌ವೇರ್ ಯಾವ ಆವೃತ್ತಿಯದು, ಅದನ್ನು ಕೊನೆಯ ಸಲ ಯಾವಾಗ ಪರೀಕ್ಷಿಸಲಾಯಿತು ಎಂಬುದಕ್ಕೆ ಆ ನಮೂನೆಯಲ್ಲಿ ಸ್ಥಳವಿಲ್ಲ.

ನನ್ನ ಅಭಿಪ್ರಾಯದಲ್ಲಿ ಮೂರು ಕೆಲಸಗಳು ಆಗಬೇಕು. ಮೊದಲನೆಯದಾಗಿ, ಪ್ರತಿಯೊಂದು ಪ್ರಯೋಗಾಲಯವೂ ಒಳಗಿರುವುದೆಲ್ಲವೂ ಮೊದಲೇ ತಿಳಿದಿರುವ ಪರೀಕ್ಷಾ ಡಿಸ್ಕುಗಳನ್ನು ಇಟ್ಟುಕೊಂಡು, ಫರ್ಮ್‌ವೇರ್ ಬದಲಾದಾಗಲೆಲ್ಲ ಯಂತ್ರವನ್ನು ಪರೀಕ್ಷಿಸಬೇಕು. ಬೆಸಸಂಖ್ಯೆಯ ಸೆಕ್ಟರುಗಳದು, ಕೆಟ್ಟ ಸೆಕ್ಟರುಗಳದು, ಮರೆಭಾಗವುಳ್ಳದ್ದು ಇವೆಲ್ಲವೂ ಆ ಡಿಸ್ಕುಗಳಲ್ಲಿ ಇರಬೇಕು. ಎರಡನೆಯದಾಗಿ, ಆವೃತ್ತಿಯನ್ನೂ ಪ್ರತಿಯಾದ ಸೆಕ್ಟರುಗಳ ಸಂಖ್ಯೆಯನ್ನೂ ವರದಿಯಲ್ಲಿ ಕಾಣಿಸಿ, ಗಂಭೀರ ಪ್ರಕರಣಗಳಲ್ಲಿ ಬೇರೊಂದು ತಯಾರಿಕೆಯ ಸಾಧನದಿಂದ ಎರಡನೆಯ ಪ್ರತಿ ತೆಗೆಯಬೇಕು. ಮೂರನೆಯದಾಗಿ, ಕಂಡುಬಂದ ದೋಷಗಳನ್ನು ಮುಚ್ಚಿಡದೆ ಸಾರ್ವಜನಿಕವಾಗಿ ಪ್ರಕಟಿಸಬೇಕು. ದೋಷವನ್ನು ಒಪ್ಪಿಕೊಂಡರೆ ಹಳೆಯ ಮೊಕದ್ದಮೆಗಳು ಸಡಿಲವಾದಾವೆಂಬ ಅಂಜಿಕೆ ಸಹಜವೇ. ಆದರೆ ಗೊತ್ತಿದ್ದ ದೋಷವನ್ನು ಮರೆಮಾಡಿ ಪಡೆದ ತೀರ್ಪು ನ್ಯಾಯವೆನಿಸಲಾರದು.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಇಂದು ಕಾಲೇಜಿನಲ್ಲಿ ಕ್ರಮವಿಧಿ ಬರೆಯಲು ಕಲಿಯುತ್ತಿರುವ ತರುಣತರುಣಿಯರೇ ನಾಳೆ ಇಂಥ ಯಂತ್ರಗಳನ್ನು ರಚಿಸುವವರು, ಬಳಸುವವರು, ನ್ಯಾಯಾಲಯದಲ್ಲಿ ಅವುಗಳ ಪರವಾಗಿಯೋ ವಿರುದ್ಧವಾಗಿಯೋ ಮಾತನಾಡುವವರು. ಯಂತ್ರವು ‘ಸರಿಯಾಗಿದೆ’ ಎಂದಾಗ, ಅದು ಏನನ್ನು ನೋಡಿ ಹಾಗೆ ಹೇಳಿತು, ಏನನ್ನು ನೋಡದೆ ಉಳಿಯಿತು ಎಂದು ಕೇಳುವ ಅಭ್ಯಾಸವನ್ನು ಅವರು ಈಗಿನಿಂದಲೇ ಬೆಳೆಸಿಕೊಳ್ಳಲಿ.